ಮಾರುವಾಗ ಹಾರ್ಮೋನು, ಕೇಳಿದರೆ ಬರೀ ಕಾಳು

ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಮಾರುಕಟ್ಟೆಗೆ ಈ ಸುದ್ದಿ ಅದಕ್ಕೂ ಒಂದು ವಾರ ಮೊದಲೇ ಮುಟ್ಟಿರುತ್ತದೆ. ಗಂಡನಿಗೆ ತಿಳಿಯುವುದು ಆರು ತಿಂಗಳಾದ ಮೇಲೆ, ಅದೂ 'ಚಳಿಗಾಲದಲ್ಲಿ ಫ್ಯಾನ್ ಯಾಕೆ ಐದರಲ್ಲಿ ಇಟ್ಟಿದ್ದೀಯ' ಎಂಬ ಜಗಳದ ಮೂಲಕ. ಮಕ್ಕಳಿಗೆ ತಿಳಿಯುವುದೇ ಇಲ್ಲ. ಫೋನಿಗೆ ಮಾತ್ರ ಎಲ್ಲ ಗೊತ್ತು. ನಡುರಾತ್ರಿ ಬೆವತು ಎದ್ದು ಕೂತವಳು ಸುಮ್ಮನೆ ಫೋನ್ ಸವರಿದರೆ ಸಾಕು, ಗಡ್ಡ ಟ್ರಿಮ್ ಮಾಡಿಸಿಕೊಂಡ ಇಪ್ಪತ್ತೆಂಟರ ಹುಡುಗನೊಬ್ಬ ಅಲ್ಲಿ ನಗುತ್ತಾ ಕಾದಿರುತ್ತಾನೆ. ಹೆಸರಿನ ಕೆಳಗೆ 'ಹಾರ್ಮೋನ್ ಕೋಚ್' ಎಂಬ ಬಿರುದು, ಕೈಯಲ್ಲೊಂದು ಡಬ್ಬಿ. ಜನ್ಮದಲ್ಲಿ ಒಮ್ಮೆಯೂ ಮುಟ್ಟಾಗದ ಈ ಮಹಾನುಭಾವ ಮುಟ್ಟು ನಿಂತವಳಿಗೆ ಧೈರ್ಯ ತುಂಬುತ್ತಾನೆ: 'ಭಯ ಬೇಡ ಮ್ಯಾಮ್, ನಿಮ್ಮ ದೇಹ ನನಗೆ ಅರ್ಥ ಆಗತ್ತೆ.'

ಡಬ್ಬಿಯೊಳಗೆ ಇರುವುದು ಅಗಸೆ ಬೀಜ, ಎಳ್ಳು, ಸೋಯಾ ಸಾರ, ಒಂದಿಷ್ಟು ಶತಾವರಿ. ಬೆಲೆ ಕೇಳಿದರೆ ನಿಂತ ಮುಟ್ಟು ಮತ್ತೆ ಶುರುವಾಗಬೇಕು, ಅಷ್ಟಿದೆ. ವಾರಕ್ಕೊಮ್ಮೆ ಅವನ ಲೈವ್ ಕಾರ್ಯಕ್ರಮ. ಅಲ್ಲಿ ಸಾಮಾನ್ಯವಾಗಿ ನಡೆಯುವ ಮಾತುಕತೆ ಹೀಗಿರುತ್ತದೆ.

'ಸರ್, ಇದು ಹೇಗೆ ಕೆಲಸ ಮಾಡತ್ತೆ?'

'ಸಿಂಪಲ್ ಮ್ಯಾಮ್. ನಿಮ್ಮ ಬಾಡೀಲಿ ಈಸ್ಟ್ರೋಜೆನ್ ಕಮ್ಮಿ ಆಗಿದೆ. ಇದು ಹೋಗಿ ಆ ಜಾಗದಲ್ಲಿ ಕೂತು ಅದರ ಕೆಲಸ ಮಾಡತ್ತೆ. ಪ್ಯೂರ್ ನ್ಯಾಚುರಲ್ ಈಸ್ಟ್ರೋಜೆನ್!'

'ಹಂಗಾದ್ರೆ ಗರ್ಭಕೋಶಕ್ಕೆ ಏನೂ ತೊಂದರೆ ಇಲ್ವಾ? ನಮ್ಮಕ್ಕನಿಗೆ ಅಲ್ಲೇ ಕ್ಯಾನ್ಸರ್ ಆಗಿತ್ತು, ಅದಕ್ಕೇ ಕೇಳಿದೆ.'

'ಅಯ್ಯೋ ಮ್ಯಾಮ್, ಇದು ಬರೀ ಬೀಜ! ನಿಮ್ಮ ಅಡುಗೆಮನೇದು. ಅಜ್ಜಿ ಕಾಲದ್ದು. ಸೈಡ್ ಎಫೆಕ್ಟ್ ಅನ್ನೋ ಮಾತೇ ಇಲ್ಲ.'

ಎರಡು ಉತ್ತರಗಳ ನಡುವೆ ಹತ್ತು ಸೆಕೆಂಡೂ ಇಲ್ಲ. ಅಷ್ಟರಲ್ಲಿ ಡಬ್ಬಿಯಲ್ಲಿದ್ದ ಹಾರ್ಮೋನು ವೇಷ ಕಳಚಿ ಕಾಳಾಗಿ ಕೂತಿತು. ದ್ವಿಪಾತ್ರ ಮಾಡುವಾಗ ಅಣ್ಣಾವ್ರಿಗೂ ಮೀಸೆ ಬದಲಿಸಿಕೊಳ್ಳುವಷ್ಟು ಪುರುಸೊತ್ತು ಬೇಕಾಗುತ್ತಿತ್ತು. ಈ ಪುಡಿಗೆ ಅದೂ ಬೇಡ. ಗುಣ ಹೇಳುವಾಗ ಅದು ಹಾರ್ಮೋನು, ದೋಷ ಕೇಳಿದಾಗ ಬರೀ ಕಾಳು. ಇಡೀ ವ್ಯಾಪಾರ ನಿಂತಿರುವುದೇ ಇವೆರಡು ವಾಕ್ಯಗಳನ್ನು ಒಟ್ಟಿಗೆ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬ ನಂಬಿಕೆಯ ಮೇಲೆ.

ಹಾಗಂತ ಹುಡುಗ ಪೂರ್ತಿ ಸುಳ್ಳು ಹೇಳುತ್ತಿಲ್ಲ. ಸೋಯಾದಲ್ಲಿ ಜೆನಿಸ್ಟೀನ್, ಡೈಡ್ಝೀನ್ ಎಂಬ ಐಸೋಫ್ಲೇವೋನ್‌ಗಳಿವೆ. ಅಗಸೆಯಲ್ಲಿ, ಎಳ್ಳಿನಲ್ಲಿ ಲಿಗ್ನಾನ್‌ಗಳಿವೆ. ಇವುಗಳ ರೂಪ ನಮ್ಮ ಈಸ್ಟ್ರೋಜೆನ್ನಿಗೆ ತುಸು ಹತ್ತಿರ, ಅದಕ್ಕೇ ಇವಕ್ಕೆ ಸಸ್ಯ ಈಸ್ಟ್ರೋಜೆನ್ ಎಂಬ ಹೆಸರು. ಜೀವಕೋಶಗಳಲ್ಲಿ ಈಸ್ಟ್ರೋಜೆನ್ ಹೋಗಿ ಕೂರುವ ಗ್ರಾಹಕಗಳು ಎರಡು ಬಗೆ, ಆಲ್ಫಾ ಮತ್ತು ಬೀಟಾ. ಗರ್ಭಕೋಶದ ಒಳಪದರವನ್ನು ಬೆಳೆಸುವ ಕೆಲಸ ಮುಖ್ಯವಾಗಿ ಆಲ್ಫಾದ್ದು, ಜೆನಿಸ್ಟೀನಿಗೆ ಒಲವು ಹೆಚ್ಚು ಬೀಟಾದ ಕಡೆಗೆ. ಅದೂ ಅಲ್ಲದೆ ಅದರ ಶಕ್ತಿ ದೇಹದ ಸ್ವಂತ ಈಸ್ಟ್ರೋಜೆನ್ನಿನ ಮುಂದೆ ಬಹಳ ಕಡಿಮೆ. ಆದ್ದರಿಂದ ಆಹಾರದಲ್ಲಿ ಬಂದಷ್ಟು ಬಂದರೆ ಗರ್ಭಕೋಶ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಕೋಚ್ ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಈ ಬರಹಕ್ಕೆ ವಸ್ತುವೇ ಇರುತ್ತಿರಲಿಲ್ಲ, ಅವನ ಡಬ್ಬಿಗೆ ಗಿರಾಕಿಯೂ ಇರುತ್ತಿರಲಿಲ್ಲ.

ಆತ ಹೇಳದ ಇನ್ನೊಂದು ಸಂಗತಿಯಿದೆ. ಡೈಡ್ಝೀನನ್ನು ಈಕ್ವಾಲ್ ಎಂಬ ಹೆಚ್ಚು ಚುರುಕಾದ ವಸ್ತುವಾಗಿ ಬದಲಿಸುವುದು ಕರುಳಿನ ಬ್ಯಾಕ್ಟೀರಿಯಾಗಳು. ಆ ಬ್ಯಾಕ್ಟೀರಿಯಾಗಳು ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ಅಗಸೆಯ ಲಿಗ್ನಾನ್‌ಗಳೂ ಕೆಲಸಕ್ಕೆ ಬರಬೇಕಾದರೆ ಅಲ್ಲೇ ಅರ್ಜಿ ಹಾಕಬೇಕು, ಒಂದು ಸುತ್ತು ಆಂಟಿಬಯೋಟಿಕ್ ನುಂಗಿದರೆ ಆ ಕಚೇರಿಗೂ ಕೆಲಕಾಲ ರಜೆ. ಒಂದೇ ಡಬ್ಬಿಯ ಒಂದೇ ಚಮಚ ಪುಡಿ ನಿಮ್ಮಲ್ಲಿ ಮಾಡುವ ಕೆಲಸವೇ ಬೇರೆ, ನಿಮ್ಮ ಓರಗಿತ್ತಿಯಲ್ಲಿ ಮಾಡುವ ಕೆಲಸವೇ ಬೇರೆ ಎಂದಾಯಿತು. ಡಬ್ಬಿಯ ಮೇಲೆ ಮಾತ್ರ 'ಎಲ್ಲ ಮಹಿಳೆಯರಿಗೂ'.

ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ವೇದವಾಕ್ಯವನ್ನು ಮೊದಲು ಪರೀಕ್ಷಿಸಿದ್ದು ಕುರಿಗಳು. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ರೈತರು ಕ್ಲೋವರ್ ಎಂಬ ಸೊಂಪಾದ ಮೇವಿನ ಗದ್ದೆಗಳಲ್ಲಿ ಕುರಿ ಮೇಯಿಸುತ್ತಿದ್ದರು. ನೂರಕ್ಕೆ ನೂರು ನ್ಯಾಚುರಲ್. ಕುರಿಗಳು ದುಂಡಗಾದವು, ಮರಿ ಹಾಕುವುದನ್ನು ಮಾತ್ರ ನಿಲ್ಲಿಸುತ್ತಾ ಬಂದವು. ಸತ್ತ ಕುರಿಗಳ ಗರ್ಭಕೋಶ ಬಿಡಿಸಿ ನೋಡಿದರೆ ಒಳಪದರ ಉಬ್ಬಿ ಗುಳ್ಳೆಗಟ್ಟಿತ್ತು. 1946ರಲ್ಲಿ ಅಲ್ಲಿನ ಪಶುವೈದ್ಯ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಕ್ಲೋವರಿನಲ್ಲಿದ್ದ ಐಸೋಫ್ಲೇವೋನು ಕುರಿಯ ಹೊಟ್ಟೆಯಲ್ಲಿ ಈಕ್ವಾಲ್ ಆಗಿ ಬದಲಾಗುತ್ತಿತ್ತು ಎಂಬುದು ಮುಂದೆ ತಿಳಿಯಿತು. ಮನುಷ್ಯರು ಕುರಿಗಳಲ್ಲ, ನಿಜ. ಕುರಿಗಳು ಸಿಕ್ಕಿದ ಮೇವು ತಿಂದವು, ನಾವು ಕ್ಯಾಶ್ ಆನ್ ಡೆಲಿವರಿ ಕೊಟ್ಟು ತರಿಸಿಕೊಂಡು ತಿನ್ನುತ್ತೇವೆ. ಅದೇ ಕ್ಲೋವರ್ ಕುಲದ ಕೆಂಪು ಹೂವಿನ ಗಿಡದ ಸಾರ ಈಗ ಮಾತ್ರೆಯಾಗಿ ಮುಟ್ಟು ನಿಂತ ಹೆಂಗಸರಿಗೆಂದೇ ಬರುತ್ತಿದೆ.

ಹೆಂಗಸರ ಮೇಲಿನ ಲೆಕ್ಕವೂ ಇದೆ. ಇಟಲಿಯಲ್ಲಿ ಮುಟ್ಟು ನಿಂತ 376 ಆರೋಗ್ಯವಂತ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 150 ಮಿಲಿಗ್ರಾಂ ಸೋಯಾ ಐಸೋಫ್ಲೇವೋನ್ ಮಾತ್ರೆ, ಇನ್ನೊಂದಕ್ಕೆ ಬರಿಯ ಹುಸಿಮಾತ್ರೆ ಕೊಟ್ಟರು. ಐದು ವರ್ಷ ನಡೆದ ಈ ಪರೀಕ್ಷೆಯ ಫಲಿತಾಂಶ 2004ರಲ್ಲಿ ಬಂತು. ಸೋಯಾ ಗುಂಪಿನಲ್ಲಿ ಶೇ. 3.37 ಮಂದಿಗೆ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆದಿತ್ತು. ವೈದ್ಯರು ಅದನ್ನು ಹೈಪರ್‌ಪ್ಲೇಸಿಯಾ ಎನ್ನುತ್ತಾರೆ. ಹುಸಿಮಾತ್ರೆಯವರಲ್ಲಿ ಅದು ಸೊನ್ನೆ. ಕ್ಯಾನ್ಸರ್ ಯಾರಿಗೂ ಬಂದಿರಲಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿ, ದಿನಕ್ಕೆ 150 ಮಿಲಿಗ್ರಾಂವರೆಗೆ, 30 ತಿಂಗಳವರೆಗೆ ಒಳಪದರದಲ್ಲಿ ಕೆಡುಕು ಕಾಣುವುದಿಲ್ಲ ಎಂದಿತು. ಅರವತ್ತು ತಿಂಗಳಾದ ಮೇಲೆ, ಕ್ಯಾನ್ಸರ್ ಅಲ್ಲದ ಬದಲಾವಣೆಗಳು ಕಂಡದ್ದನ್ನೂ ಬರೆದಿಟ್ಟಿತು.

ಇದರಿಂದ ಎರಡು ಪಂಗಡಗಳಿಗೆ ಹಬ್ಬವಾಯಿತು. ಮೊದಲನೆಯದು ಮಾರುವ ಪಂಗಡ. ಅದು 'ಕೆಡುಕು ಕಾಣುವುದಿಲ್ಲ' ಎಂಬಷ್ಟನ್ನು ಕತ್ತರಿಸಿ ಇಟ್ಟುಕೊಂಡಿತು. ಎರಡನೆಯದು ಹೆದರಿಸುವ ಪಂಗಡ, ಫ್ಯಾಮಿಲಿ ಗ್ರೂಪಿನ ಚಿಕ್ಕಪ್ಪಂದಿರು. 'ಸೋಯಾ ತಿಂದರೆ ಗರ್ಭಕೋಶದ ಕ್ಯಾನ್ಸರ್, ಹತ್ತು ಜನಕ್ಕೆ ಕಳಿಸಿ' ಎಂಬ ಸಂದೇಶವನ್ನು ಅವರು ಮುಂಜಾನೆಯ ಗುಲಾಬಿ ಹೂವಿನ ಜೊತೆಗೇ ಕಳಿಸಿದರು. ಇಬ್ಬರೂ ಬಿಟ್ಟುಬಿಟ್ಟ ಮಾತುಗಳು ಎರಡೇ: ಎಷ್ಟು, ಎಲ್ಲಿಯವರೆಗೆ. ನೂರು ಗ್ರಾಂ ತೋಫುವಿನಲ್ಲಿ ಸುಮಾರು 20ರಿಂದ 30 ಮಿಲಿಗ್ರಾಂ ಐಸೋಫ್ಲೇವೋನ್ ಇರುತ್ತದೆ. ಆ 150 ಮಿಲಿಗ್ರಾಂ ಮುಟ್ಟಬೇಕಾದರೆ ದಿನವೂ ಕಡಿಮೆಯೆಂದರೂ ಅರ್ಧ ಕಿಲೋ ತೋಫು ತಿನ್ನಬೇಕು, ಐದು ವರ್ಷ, ಏಕಾದಶಿಯೂ ಬಿಡದೆ. ಬಸವನಗುಡಿಯಲ್ಲಿ ಯಾವ ಮನೆಯಲ್ಲೂ ಅದು ಸಾಧ್ಯವಿಲ್ಲ, ಮೂರನೇ ದಿನಕ್ಕೇ ಸೊಸೆ ತವರಿಗೆ ಹೋಗುತ್ತಾಳೆ. ಮಾತ್ರೆಯಲ್ಲಾದರೆ ಒಂದು ಗುಟುಕು ನೀರು ಸಾಕು. ಆಹಾರದ ಹೆಸರಿನಲ್ಲಿ ಧೈರ್ಯ ಹೇಳಿ, ಯಾರೂ ಆಹಾರದಲ್ಲಿ ತಿನ್ನಲಾರದಷ್ಟನ್ನು ಒಂದು ಗುಳಿಗೆಗೆ ತುಂಬುವುದು ಈ ಕಸುಬಿನ ಗುಟ್ಟು. ನಿಜವಾಗಿ ಊಟದಲ್ಲಿ ಸೋಯಾ ತಿನ್ನುವ ಚೀನಾದ ಶಾಂಘೈ ಹೆಂಗಸರಲ್ಲಿ, ಹೆಚ್ಚು ಸೋಯಾ ತಿನ್ನುವವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಡಿಮೆ ಎಂದು 2004ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಆ ಸುದ್ದಿಯನ್ನು ಚಿಕ್ಕಪ್ಪಂದಿರು ಫಾರ್ವರ್ಡ್ ಮಾಡಲಿಲ್ಲ, ಅದರಲ್ಲಿ ಯಾರೂ ಸಾಯುತ್ತಿರಲಿಲ್ಲ.

ನಮ್ಮ ಸೋಯಾದ ಕಥೆಯೂ ಸ್ವಾರಸ್ಯವಾಗಿದೆ. ಬೀದರಿನಲ್ಲಿ, ಬೆಳಗಾವಿಯಲ್ಲಿ ಮಳೆಗಾಲ ಬಂದರೆ ಹೊಲದ ತುಂಬ ಸೋಯಾ. ಕಾಳಿನ ದೊಡ್ಡ ಪಾಲು ಎಣ್ಣೆ ಗಿರಣಿಗೆ ಹೋಗುತ್ತದೆ. ಎಣ್ಣೆಯಲ್ಲಿ ಐಸೋಫ್ಲೇವೋನ್ ಉಳಿಯುವುದೇ ಇಲ್ಲವೆನ್ನಬಹುದು, ಅದೆಲ್ಲ ಹಿಂಡಿಗೆ ಹೋಗುತ್ತದೆ. ಹಿಂಡಿಯಲ್ಲಿ ಒಂದಿಷ್ಟು ಮೀಲ್ ಮೇಕರ್ ಆಗಿ ಹಾಸ್ಟೆಲ್ ಹುಡುಗರ ಪಲಾವಿಗೆ ಬಿದ್ದರೆ, ಬಹುಪಾಲು ಕೋಳಿಫಾರಂ ಸೇರುತ್ತದೆ. ನಾಡಿನ ಸಸ್ಯ ಈಸ್ಟ್ರೋಜೆನ್ನಿನ ದೊಡ್ಡ ಫಲಾನುಭವಿಗಳು ಹಾಗಾದರೆ ಕೋಳಿಗಳು. ಅವು ಈವರೆಗೆ ಯಾವ ಕೋಚನ್ನೂ ನೇಮಿಸಿಕೊಂಡಿಲ್ಲ.

ಆಯಿತು, ಪುಡಿಯಿಂದ ಉಪಯೋಗವಾದರೂ ಇದೆಯೇ? ಅರವತ್ತಕ್ಕೂ ಹೆಚ್ಚು ಪರೀಕ್ಷೆಗಳನ್ನು ಒಟ್ಟು ಹಾಕಿದ 2016ರ ಒಂದು ವಿಶ್ಲೇಷಣೆಯ ಪ್ರಕಾರ, ಸಸ್ಯ ಈಸ್ಟ್ರೋಜೆನ್ ತಗೊಂಡವರಿಗೆ ಮೈಯೆಲ್ಲ ಬಿಸಿಯೇರುವುದು ದಿನಕ್ಕೆ ಒಂದಕ್ಕಿಂತ ತುಸು ಹೆಚ್ಚು ಸಲ ಕಡಿಮೆಯಾಯಿತು. ರಾತ್ರಿ ಬೆವರುವುದು ಕಡಿಮೆಯಾಗಲಿಲ್ಲ. ಅಗಸೆಯ ಪಾಡು ಇನ್ನೂ ಚೆಂದ. ಅಮೆರಿಕದಲ್ಲಿ 188 ಮಹಿಳೆಯರಿಗೆ ಆರು ವಾರ ದಿನಕ್ಕೊಂದು ತಿನಿಸಿನ ಬಾರ್ ಕೊಟ್ಟರು, ಅರ್ಧ ಜನಕ್ಕೆ ಅಗಸೆ ಹಾಕಿದ್ದು, ಅರ್ಧ ಜನಕ್ಕೆ ಹಾಕದ್ದು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನ ಮೂರನೇ ಒಂದು ಪಾಲಿಗೂ ಮಿಕ್ಕಿ ಹೆಂಗಸರಿಗೆ ಬಿಸಿಯೇರುವ ಉಪಟಳ ಅರ್ಧಕ್ಕೆ ಇಳಿದಿತ್ತು. ಅಗಸೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನಮ್ಮ ಕೋಚ್ ಇದನ್ನು ಓದಿದ್ದರೆ ಬುದ್ಧಿವಂತಿಕೆಯಿಂದ ಅಗಸೆಯನ್ನೇ ಬಿಟ್ಟು ಬರೀ ಡಬ್ಬಿ ಮಾರಬಹುದಿತ್ತು, ಲಾಭ ಇನ್ನೂ ಹೆಚ್ಚುತ್ತಿತ್ತು.

ಹಾರ್ಮೋನು ಎಂದು ಒಪ್ಪಿಕೊಂಡು ಮಾರಿದವರ ಪಾಡೇನಾಯಿತು ಎಂಬುದನ್ನೂ ನೋಡಬೇಕು. 1966ರಲ್ಲಿ ನ್ಯೂಯಾರ್ಕಿನ ವೈದ್ಯ ರಾಬರ್ಟ್ ವಿಲ್ಸನ್ 'ಫೆಮಿನಿನ್ ಫಾರೆವರ್' ಎಂಬ ಪುಸ್ತಕ ಬರೆದು, ಮುಟ್ಟು ನಿಲ್ಲುವುದೇ ಒಂದು ರೋಗ, ಈಸ್ಟ್ರೋಜೆನ್ ಅದಕ್ಕೆ ಮದ್ದು ಎಂದು ಸಾರಿದ. ಹೆಂಗಸರು ಮುಗಿಬಿದ್ದರು. 1975ರಲ್ಲಿ ಒಂದೇ ವೈದ್ಯಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು: ಬರೀ ಈಸ್ಟ್ರೋಜೆನ್ ತಗೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು. ಅಂದಿನಿಂದ ಗರ್ಭಕೋಶ ಇರುವವಳಿಗೆ ಈಸ್ಟ್ರೋಜೆನ್ ಬರೆದುಕೊಡುವ ವೈದ್ಯೆ ಜೊತೆಗೆ ಒಳಪದರ ಕಾಯುವ ಪ್ರೊಜೆಸ್ಟೋಜೆನ್ನನ್ನೂ ಬರೆಯುತ್ತಾಳೆ. ಅಂದರೆ ಮಾತ್ರೆ ಬರೆಯುವ ಮೊದಲು ಆಕೆ ಒಂದು ಪ್ರಶ್ನೆ ಕೇಳಲೇಬೇಕು: 'ಗರ್ಭಕೋಶ ಇದೆಯಾ, ತೆಗೆಸಿದ್ದೀರಾ?' ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮೋಕ್ಸಿಫೆನ್ ಸ್ತನದಲ್ಲಿ ಈಸ್ಟ್ರೋಜೆನ್ನನ್ನು ತಡೆಯುತ್ತದೆ, ಗರ್ಭಕೋಶದಲ್ಲಿ ತಾನೇ ಈಸ್ಟ್ರೋಜೆನ್ನಿನ ಹಾಗೆ ವರ್ತಿಸುತ್ತದೆ. ಅದಕ್ಕೂ ಪ್ರಶ್ನೆ, ಅದಕ್ಕೂ ನಿಗಾ. ಕೋಚ್ ಮಾತ್ರ ಇದೊಂದನ್ನೂ ಕೇಳುವುದಿಲ್ಲ. ಅವನು ಕೇಳುವುದು ಪಿನ್‌ಕೋಡು.

ಕಾನೂನು ಸುಮ್ಮನಿದೆಯೇ ಎಂದರೆ, ಪಾಪ, 1954ರಿಂದಲೂ ಎಚ್ಚರವಾಗಿದೆ. ಮಾಂತ್ರಿಕ ಔಷಧಗಳ ಜಾಹೀರಾತು ತಡೆಯುವ ಆ ವರ್ಷದ ಕಾಯ್ದೆಯ ಪಟ್ಟಿಯಲ್ಲಿ ಗರ್ಭಕೋಶದ ತೊಂದರೆಗಳೂ ಇವೆ, 'ಸ್ತ್ರೀರೋಗ'ಗಳೂ ಇವೆ. ಇವನ್ನು ವಾಸಿ ಮಾಡುತ್ತೇವೆಂದು ಔಷಧಕ್ಕೆ ಜಾಹೀರಾತು ಕೊಡುವಂತಿಲ್ಲ. ಅದಕ್ಕೇ ಪುಡಿ ಔಷಧವಾಗಿಲ್ಲ, ಆಹಾರವಾಗಿದೆ. ಆಹಾರ ಸುರಕ್ಷತಾ ನಿಯಮದಂತೆ 'ಔಷಧೀಯ ಬಳಕೆಗಲ್ಲ' ಎಂದು ಡಬ್ಬಿಯ ಮೇಲೆ ಅಚ್ಚು ಹಾಕಬೇಕು, ಹಾಕಿದ್ದಾರೆ. ಓದಲು ಇರುವೆಗೂ ಕನ್ನಡಕ ಬೇಕು. ನಲವತ್ತೇಳರ ಚಾಳೀಸು ಬಂದ ಕಣ್ಣಿಗೆಂದೇ ತಯಾರಿಸಿದ ಡಬ್ಬಿಯ ಮೇಲೆ ಆ ಅಕ್ಷರ ಹಾಕಿದವರ ಬುದ್ಧಿಗೆ ಮೆಚ್ಚಬೇಕು.

ಇನ್ನು 'ಅಜ್ಜಿ ಕಾಲದ್ದು' ಎಂಬ ಮಾತು. ಧಾರವಾಡದಿಂದ ಕಲಬುರಗಿವರೆಗೆ ಜೋಳದ ರೊಟ್ಟಿಯ ಜೊತೆ ಅಗಸಿ ಹಿಂಡಿ ತಿನ್ನದ ಅಜ್ಜಿ ಯಾರಿದ್ದಾಳೆ? ಹುರಿದು, ಬೆಳ್ಳುಳ್ಳಿ, ಒಣಮೆಣಸು, ಉಪ್ಪು ಹಾಕಿ ಕುಟ್ಟಿದ ಪುಡಿ. ಇಡೀ ಬೀಜ ನುಂಗಿದರೆ ಬಹುಮಟ್ಟಿಗೆ ಹಾಗೇ ಹೊರಗೆ ಹೋಗುತ್ತದೆ, ಕುಟ್ಟಿದರೇ ಉಪಯೋಗ. ಇದನ್ನು ಯಾವ ಪ್ರಯೋಗಾಲಯವೂ ಆಕೆಗೆ ಹೇಳಿಕೊಟ್ಟಿರಲಿಲ್ಲ. ಡಬ್ಬಿಯನ್ನು ತೋರಿಸಿದರೆ ಆಕೆ ಕೇಳುವುದು ಇಷ್ಟೇ: 'ಏನ್ ತಂಗಿ, ಇದಕ್ಕ ಉಪ್ಪಿಲ್ಲ, ಖಾರಿಲ್ಲ, ಬಳ್ಳೊಳ್ಳಿ ಇಲ್ಲ. ಇಷ್ಟ್ ರೊಕ್ಕಾ ಯಾಕ ಕೊಟ್ಟಿ?' ಅಜ್ಜಿ ಒಂದು ರೊಟ್ಟಿಗೆ ಒಂದು ಚಿಟಿಕೆ ಹಾಕಿಕೊಂಡಳು, ರುಚಿಗೆ. ಗರ್ಭಕೋಶಕ್ಕೆಂದು ಹಾಕಿಕೊಂಡವಳಲ್ಲ.

ಅಜ್ಜಿಯ ಗರ್ಭಕೋಶದ ವಿಚಾರಕ್ಕೆ ಬಂದರೆ ನಗು ನಿಲ್ಲುತ್ತದೆ. ಇದೇ ಅಗಸಿ ಹಿಂಡಿ ತಿನ್ನುವ ಕಲಬುರಗಿ ಸೀಮೆಯ ತಾಂಡಾಗಳಿಂದ ಲಂಬಾಣಿ ಹೆಂಗಸರು, ಕೇರಿಗಳಿಂದ ದಲಿತ ಹೆಂಗಸರು ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗೆ ಹೋದರು. 'ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ' ಎಂದು ಹೆದರಿಸಿ ಗರ್ಭಕೋಶ ತೆಗೆದು ಕಳಿಸಿದರು. ಹಲವರಿಗೆ ನಲವತ್ತೂ ಆಗಿರಲಿಲ್ಲ. 2015ರಲ್ಲಿ ಹೆಂಗಸರು ಬೀದಿಗಿಳಿದ ಮೇಲೆ ಅದು ರಾಜ್ಯಕ್ಕೆ ಸುದ್ದಿಯಾಯಿತು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಮೇಲೆ ಕಣ್ಣಿಡಿ ಎಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಲು 2023 ಬರಬೇಕಾಯಿತು. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 3 ಮಂದಿ ಆಗಲೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ, ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಗರ್ಭಕೋಶಕ್ಕೆ ಪುಡಿ, ತಾಂಡಾದ ಗರ್ಭಕೋಶಕ್ಕೆ ಕತ್ತರಿ. ಎರಡು ಕಡೆಯೂ ದುಡ್ಡು ಎಣಿಸಿಕೊಂಡರು, ಎರಡು ಕಡೆಯೂ ಪರೀಕ್ಷೆ ಮಾಡಿ ನೋಡಲಿಲ್ಲ.

ನೋಡಬೇಕಾದ ಹೊತ್ತು ಯಾವುದು ಎಂಬುದು ಗುಟ್ಟೇನಲ್ಲ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯಾದರೂ ಸರಿ, ವೈದ್ಯರ ಬಳಿ ಹೋಗಬೇಕು. ಹಾಗೆ ರಕ್ತ ಕಂಡ ನೂರು ಮಂದಿಯಲ್ಲಿ ಸುಮಾರು 9 ಮಂದಿಗೆ ಒಳಪದರದ ಕ್ಯಾನ್ಸರ್ ಇರುತ್ತದೆ, ಉಳಿದವರಿಗೆ ಇರುವುದಿಲ್ಲ. ಆ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ರಕ್ತ ಕಂಡಿರುತ್ತದೆ. ಒಳಗಿನಿಂದ ಒಂದು ಸ್ಕ್ಯಾನ್ ಮಾಡಿ ಒಳಪದರ 4 ಮಿಲಿಮೀಟರಿಗಿಂತ ದಪ್ಪವಿದೆಯೇ ನೋಡುತ್ತಾರೆ, ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ರೋಗ ಇಷ್ಟು ಮುಂಚಿತವಾಗಿ ಬಾಗಿಲು ತಟ್ಟುವುದು ಅಪರೂಪ. ಬಾಗಿಲು ತೆಗೆಯುವವರು ಮಾತ್ರ ಮನೆಯಲ್ಲಿಲ್ಲ. 'ಉಷ್ಣ ಆಗಿರಬೇಕು, ಎಳನೀರು ಕುಡಿ' ಎನ್ನುತ್ತಾರೆ ಅತ್ತೆ. 'ಮೊಮ್ಮಗನ ಉಪನಯನ ಮುಗೀಲಿ' ಎನ್ನುತ್ತಾಳೆ ಆಕೆಯೇ. 'ಕಂಗ್ರಾಟ್ಸ್ ಮ್ಯಾಮ್, ಪುಡಿ ಕೆಲಸ ಮಾಡ್ತಿದೆ, ಡಿಟಾಕ್ಸ್ ಆಗ್ತಿದೆ' ಎನ್ನುತ್ತಾನೆ ಕೋಚ್.

ಇನ್ನೊಂದು ಸತ್ಯವನ್ನು ಆತ ಹೇಳಲಾರ, ಅದನ್ನು ಡಬ್ಬಿಗೆ ತುಂಬಿ ಮಾರಲು ಬರುವುದಿಲ್ಲ. ಮುಟ್ಟು ನಿಂತ ಮೇಲೆ ದೇಹದಲ್ಲಿ ಈಸ್ಟ್ರೋಜೆನ್ ತಯಾರಾಗುವ ಮುಖ್ಯ ಜಾಗ ಕೊಬ್ಬು. ಅಡ್ರಿನಲ್ ಗ್ರಂಥಿಯಿಂದ ಬರುವ ಕಚ್ಚಾಮಾಲನ್ನು ಕೊಬ್ಬಿನ ಜೀವಕೋಶಗಳು ಈಸ್ಟ್ರೋನ್ ಎಂಬ ಈಸ್ಟ್ರೋಜೆನ್ ಆಗಿ ಬದಲಿಸುತ್ತವೆ. ಅದನ್ನು ಎದುರಿಸಲು ಪ್ರೊಜೆಸ್ಟೆರಾನ್ ಇರುವುದಿಲ್ಲ, ಕೊಬ್ಬು ಹೆಚ್ಚಿದ್ದರೆ ಒಳಪದರ ಬೆಳೆಯಬಹುದು. ಬೊಜ್ಜು, ಸಕ್ಕರೆ ಕಾಯಿಲೆ ಇರುವವರಿಗೆ ಈ ಕ್ಯಾನ್ಸರಿನ ಅಪಾಯ ಹೆಚ್ಚು ಎಂಬುದಕ್ಕೆ ಇದೂ ಒಂದು ಕಾರಣ. ಸಾಯಂಕಾಲ ಒಂದು ಗಂಟೆ ನಡೆಯಿರಿ ಎಂದರೆ ಕಮಿಷನ್ ಸಿಗುವುದಿಲ್ಲ. ಆ ಒಂದು ಗಂಟೆ ಒಲೆ ಮುಂದಿನಿಂದ ಆಕೆಗೆ ಬಿಡುವು ಕೊಡಿ ಎಂದು ಮನೆಯವರಿಗೆ ಹೇಳಿದರೆ ಇರುವ ಫಾಲೋವರುಗಳೂ ಹೋಗುತ್ತಾರೆ. ಅದಕ್ಕಿಂತ ಹೋಳಿಗೆಯ ಮೇಲೊಂದು ಚಮಚ ಅಗಸೆ ಸುಲಭ.

ಆದ್ದರಿಂದ ಅಕ್ಕಂದಿರೇ, ಸೋಯಾ ತಿನ್ನಿ, ಅಗಸೆ ತಿನ್ನಿ, ಸಂಕ್ರಾಂತಿಗೆ ಎಳ್ಳು ಬೀರಿ. ಊಟದಲ್ಲಿ ಇರುವಷ್ಟಕ್ಕೆ ಯಾವ ಗರ್ಭಕೋಶವೂ ದೂರು ಕೊಟ್ಟಿಲ್ಲ. ಡಬ್ಬಿ ಕೊಳ್ಳುವ ಮುನ್ನ ಮಾತ್ರ ಆ ಹುಡುಗನಿಗೆ ನಾಲ್ಕು ಪ್ರಶ್ನೆ ಕೇಳಿ. ಒಂದು ಚಮಚದಲ್ಲಿ ಎಷ್ಟು ಮಿಲಿಗ್ರಾಂ? ಎಷ್ಟು ತಿಂಗಳು? ನನಗೆ ಗರ್ಭಕೋಶ ಇದೆ, ಅದರ ಲೆಕ್ಕ ಯಾರು ಇಡುತ್ತಾರೆ? ರಕ್ತ ಕಂಡರೆ ಫೋನ್ ಎತ್ತುವವರು ಯಾರು? ಉತ್ತರ ಕೊಟ್ಟರೆ ಅದು ಔಷಧ, ಔಷಧಕ್ಕೆ ಇರುವ ಪರೀಕ್ಷೆ, ಪರವಾನಗಿ, ಎಚ್ಚರಿಕೆ ಎಲ್ಲವನ್ನೂ ಹೊತ್ತುಕೊಂಡು ಬರಲಿ. ಉತ್ತರ ಇಲ್ಲ, ಬರೀ ಕಾಳು ಎಂದರೆ ಇನ್ನೂ ಸಂತೋಷ. ಉಪ್ಪು ಹಾಕಲಿ, ಒಣಮೆಣಸು ಹಾಕಲಿ, ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಲಿ, ಚಟ್ನಿಪುಡಿಯ ರೇಟಿಗೆ ಮಾರಲಿ.